ಮಾಲಕರ ಎರಡು ಕಾರಖಾನೆ

ಬೋರಗಾಂವದಲ್ಲಿ ನಾನು ಕರೆಂಟಿನ ಮಗ್ಗ ನಡೆಸುತ್ತಿದ್ದ ಶೆಡ್ಡಿನ ಮಾಲಕರು ಊಟದ ಹೊತ್ತಿಗೆ ಕಂಪ್ಯೂಟರಿನಲ್ಲಿ ಜಗತ್ತು ಹಾಳಾದ ಮೇಲೆ ಬದುಕುಳಿದವರ ಧಾರಾವಾಹಿ ನೋಡುತ್ತಿದ್ದರು. ಅದರಲ್ಲಿ ಯಾರು ಸತ್ತರೂ ಮಾಲಕರ ಕಣ್ಣು ಉಳಿದವರ ಅಂಗಿಯ ಮೇಲೆ. "ಎಲ್ಲಾ ಮುಳಗೇತಿ, ಇವರಿಗೆ ಅರಿವಿ ಯಾರ್ ನೇದ್ ಕೊಟ್ರಲೇ?" ಎಂದು ನಗುತ್ತಿದ್ದರು. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ, ಕಾರಖಾನೆ ಕಟ್ಟಿ ನಡೆಸುವ ವ್ಯಾಪಾರದ ಆಟ. ಅಲ್ಲಿ ಮಾತ್ರ ಕರುಣೆ ಇರಲಿಲ್ಲ; ನಷ್ಟ ಕಂಡ ಕೂಡಲೇ ಗುಂಡಿ ಒತ್ತಿ ಕಾರಖಾನೆ ಮಾರಿಬಿಡುತ್ತಿದ್ದರು.

ಹಾಗಾಗಿ ಒಂದು ವರ್ಷ ಬಟ್ಟೆಗೆ ಗಿರಾಕಿ ಇಲ್ಲದೆ ಊರಿನ ಮಗ್ಗಗಳು ಗುಜರಿಗೆ ಹೋಗತೊಡಗಿದಾಗ ನನಗೆ ಹೆದರಿಕೆಯಾಯಿತು. ನನ್ನಷ್ಟು ನೀಟಾಗಿ ಬಟ್ಟೆ ನೇಯುವವನು ಆ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಆದರೆ ಶಾಲೆ ಬಿಟ್ಟಾಗಿನಿಂದ ನನಗೆ ಗೊತ್ತಿದ್ದ ಕೆಲಸವೂ ಅದೊಂದೇ.

ಕೊನೆಗೆ ಗುಜರಿಯವನು ನಮ್ಮ ಬಾಗಿಲಿಗೂ ಟೆಂಪೊ ತಂದ.

"ಆಟದಾಗ ದಿನಾ ಮಾರ್ತೀರಿ, ಇಲ್ಲ್ಯಾಕ ತಡಾ ಮಾಡ್ತೀರಿ ಮಾಲಕ್ರ?" ಎಂದು ಅಣಕಿಸಿದ.

ಮಾಲಕರು ಕುರ್ಚಿಯಿಂದ ಏಳದೆ ನನ್ನ ಕಡೆ ಬೆರಳು ತೋರಿಸಿದರು. "ಅಲ್ಲಿ ಮಾರಿದ್ರ ಇಂಥಾವ ಒಬ್ಬ ಎದುರಿಗೆ ನಿಂತಿರೂದಿಲ್ಲೋ. ನಾಳೆ ಜಗತ್ತ ಮುಳಗಿದ್ರ ಅರಿವಿ ನೀ ನೇಯ್ತೀಯೇನ?"

ಟೆಂಪೊ ಖಾಲಿಯಾಗಿಯೇ ಹಿಂತಿರುಗಿತು. ನಾನು ಮಗ್ಗದ ಸ್ವಿಚ್ ಒತ್ತಿದೆ. ಆ ಸದ್ದಿಗೆ ಮಾಲಕರು ಧಾರಾವಾಹಿಯ ದನಿ ಏರಿಸಿದರು.