ನಾರಿನ ಮೇಲಿನ ಎರಡು ಚುಕ್ಕೆ

ಇನ್ನೊಂದು ಸಲ ಪರೀಕ್ಷೆ ಮಾಡೋಣವೆಂದು ಲ್ಯಾಬಿನ ಮೇಡಂ ಹೇಳಿದಾಗ ನಾನು ಹೂಂ ಅನ್ನಬೇಕಿತ್ತು. ಅನ್ನಲಿಲ್ಲ. ಪರೀಕ್ಷೆಗೆ ಬಂದಿದ್ದು ನನ್ನ ಸ್ವಂತ ಅಕ್ಕನ ನಾರು.

ಎರಡು ವರ್ಷದ ಹಿಂದಿನ ಮಾತು. ನಾನು ತಿಪಟೂರಿನ ಒಂದು ಪರೀಕ್ಷಾ ಲ್ಯಾಬಿನಲ್ಲಿ ಸಹಾಯಕ. ಓದಿದ್ದು ಏಳನೇ ಕ್ಲಾಸು. ತೆಂಗಿನ ನಾರನ್ನು ಮೆಷಿನ್ನಿನಲ್ಲಿ ಎಳೆದು, ತುಂಡಾಗುವ ಮೊದಲು ಎಷ್ಟು ಹಿಗ್ಗುತ್ತದೆಂದು ಅಳೆಯುತ್ತೇವೆ. ಅಳತೆಯ ಕ್ಲಿಪ್ಪು ಹಾಕಿದರೆ ಅದರ ಭಾರಕ್ಕೇ ನಾರು ಬಾಗುತ್ತದೆ. ಅದಕ್ಕೇ ಮುಟ್ಟದೆ ಅಳೆಯುವ ಕ್ಯಾಮೆರಾ. ನಾರಿನ ಮೇಲೆ ಇಪ್ಪತ್ತು ಮಿಲಿಮೀಟರ್ ಅಂತರದಲ್ಲಿ ಎರಡು ಕಪ್ಪು ಚುಕ್ಕೆ ಇಟ್ಟರೆ, ಎಳೆದಾಗ ಅವು ಎಷ್ಟು ದೂರ ಸರಿದವೆಂದು ಅದು ನೋಡುತ್ತದೆ. ಚುಕ್ಕೆ ಇಡುವುದು ನನ್ನ ಕೆಲಸ.

ಸಾವಿತ್ರಕ್ಕ ಅರಳಗುಪ್ಪೆಯಲ್ಲಿ ಐದು ಹೆಂಗಸರನ್ನು ಕಟ್ಟಿಕೊಂಡು ನಾರು ತೆಗೆಯುತ್ತಿದ್ದಳು. ಬ್ರಷ್ ಕಂಪನಿಯೊಂದು ವರ್ಷಪೂರ್ತಿ ಕೊಳ್ಳುವುದಾಗಿ ಹೇಳಿ, ಮೊದಲು ಲ್ಯಾಬ್ ರಿಪೋರ್ಟ್ ಕೇಳಿತ್ತು.

"ನಮ್ ನಾರು ಬತ್ತದೆ ಕಣ್ಲಾ, ಒಸಿ ನೋಡ್ಕೊ," ಎಂದು ಅಕ್ಕ ಫೋನ್ ಮಾಡಿದಳು.

ಆ 'ನೋಡ್ಕೊ' ನನ್ನ ತಲೆ ಕೊರೆಯಿತು. ಮಾಲು ಸರಿಯಿದ್ದರೆ ಹಾಗೇಕೆ ಅನ್ನಬೇಕು? ಅವಳ ಶೆಡ್ಡಿನ ಹಿಂದೆ ಹಳೇ ಕಾಯಿಸಿಪ್ಪೆಯ ರಾಶಿ ಬೇರೆ ಕಂಡಿದ್ದೆ.

ಹತ್ತು ನಾರು ಎಳೆದೆವು. ಒಂದು ರಬ್ಬರಿನ ಹಾಗೆ ಹಿಗ್ಗಿತು, ಇನ್ನೊಂದು ಹಿಗ್ಗಲೇ ಇಲ್ಲ.

"ವಿಚಿತ್ರವಾಗಿದೆಯಲ್ರೀ. ಹೊಸ ನಾರು ಹಾಕಿ ಇನ್ನೊಂದ್ಸಲ ನೋಡೋಣ," ಎಂದರು ಮೇಡಂ.

"ಬ್ಯಾಡ ಬುಡಿ ಮೇಡಂ. ನಮ್ಮಕ್ಕಂದೇ ಇದು. ಹಳೇ ನಾರು ಬೆರ್ಸವ್ಳೆ."

ತಮ್ಮನೇ ಹೇಳಿದ ಮೇಲೆ ಅವರು ನಂಬಿದರು. ನಾರು ಒಂದೇ ಸಮನಾಗಿಲ್ಲವೆಂದು ರಿಪೋರ್ಟ್ ಹೋಯಿತು. ಕಂಪನಿ ಬೇರೆಯವರನ್ನು ಹಿಡಿಯಿತು.

ಅಕ್ಕ ಕೇಳಿದಾಗ, "ನೋಡ್ಕೊ ಅಂದ್ರೆ ಸುಳ್ಳು ಬರ್ಯಾಕಾಯ್ತದಾ?" ಎಂದು ಕುಟುಕಿದೆ.

"ಥೂ ನಿನ್ನ! ಕೂದ್ಲಂಗೈತೆ, ಕಳ್ದೋಗ್ದಂಗೆ ನೋಡ್ಕೊ ಅಂದಿದ್ದು ಕಣ್ಲಾ."

ನಾನು ನಂಬಲಿಲ್ಲ. ಅಕ್ಕ ಅಂತಲೂ ನೋಡದೆ ನಿಯತ್ತಾಗಿ ನಡೆದುಕೊಂಡೆನೆಂದು ಒಳಗೊಳಗೇ ಹೆಮ್ಮೆ.

ಮರುವಾರ ಬೇರೊಬ್ಬರ ನಾರಿನ ಅಂಕಿಯೂ ಹಾಗೇ ಕುಣಿಯಿತು. ಮೇಡಂ ಚುಕ್ಕೆಯನ್ನು ಪರದೆಯಲ್ಲಿ ದೊಡ್ಡದು ಮಾಡಿದರು. ಎಳೆಯುತ್ತಿದ್ದಂತೆ ಶಾಯಿ ನಾರಿನುದ್ದಕ್ಕೆ ಹರಡುತ್ತಿತ್ತು. ಹೊರಕ್ಕೆ ಹರಡಿದರೆ ನಾರು ಜಾಸ್ತಿ ಹಿಗ್ಗಿತೆಂದೂ, ಒಳಕ್ಕೆ ಹರಡಿದರೆ ಹಿಗ್ಗಲಿಲ್ಲವೆಂದೂ ಕ್ಯಾಮೆರಾ ತಿಳಿದಿತ್ತು. ಅವರು ನನ್ನ ಬೆರಳು ನೋಡಿದರು, ಆಮೇಲೆ ತಲೆ.

"ಏನ್ರೀ, ಕೊಬ್ಬರಿ ಎಣ್ಣೆ ಹಚ್ಚಿದ್ದು ತಲೆಗೋ, ನಾರಿಗೋ?"

ಸೆಕೆಯೆಂದು ಆ ತಿಂಗಳು ನಾನು ಕೈಗವಸು ಬಿಟ್ಟಿದ್ದೆ. ತಲೆಯ ಎಣ್ಣೆ ಬೆರಳಿನಿಂದ ನಾರಿಗಂಟಿ, ಶಾಯಿ ನಿಲ್ಲುತ್ತಿರಲಿಲ್ಲ. ಗವಸು ತೊಟ್ಟು ಅಕ್ಕನ ಉಳಿದ ನಾರಿನಲ್ಲಿ ಹತ್ತು ಎಳೆದೆವು. ಹತ್ತೂ ಒಂದೇ ಸಮ.

ಹೊಸ ರಿಪೋರ್ಟ್ ಕಳಿಸಿದರೂ ಕಂಪನಿ ವಾಪಸ್ ಬರಲಿಲ್ಲ. ಮೂವರು ಹೆಂಗಸರು ಕೆಲಸ ಬಿಟ್ಟರು. ಮೊದಲ ರಿಪೋರ್ಟ್ ತಪ್ಪೆಂದಷ್ಟೇ ತಿಳಿದ ಅಕ್ಕ, "ಮಿಷನ್ ಕೆಟ್ಟಿತ್ತಂತೆ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ನಾನೂ ಹೌದೆನ್ನುತ್ತಿದ್ದೆ.

ಈಗ ಅಂಕಿ ಸರಿಯಿಲ್ಲದಿದ್ದರೆ, ನಾರು ಯಾರದೆಂದು ಕೇಳುವ ಮೊದಲು ನಾನಿಟ್ಟ ಚುಕ್ಕೆ ನೋಡುತ್ತೇನೆ. ಅಷ್ಟು ಕಲಿಯಲು ಒಂದು ದಿನ ಸಾಕಾಯಿತು. ಅಕ್ಕನೆದುರು ಬಾಯಿ ಬಿಡಲು ಎರಡು ವರ್ಷ ಹಿಡಿಯಿತು. ಹೋದ ತಿಂಗಳು ನಾನು ಹೋದಾಗ ಅವಳು ನಾರು ಒಣಹಾಕುತ್ತಿದ್ದಳು.

"ಮಿಷನ್ ಕೆಟ್ಟಿರ್ಲಿಲ್ಲ ಕಣಕ್ಕ. ಇನ್ನೊಂದ್ಸಲ ನೋಡೋಣ ಅಂದ್ರು ಮೇಡಂ. ನೀನು ಮೋಸ ಮಾಡಿದ್ದೀಯ ಅಂತ ಬ್ಯಾಡ ಅಂದೋನು ನಾನೇ. ತಪ್ಪಾಯ್ತು."