ಬೂತಾಯಿ ತಂಡದ ಮೊದಲ ಆಯ್ಕೆ

ಟಕ್… ಟಕ್‌ಟಕ್… ಟಕ್. ಮೇಲಿನ ಫ್ಲಾಟಿನ ನೆಲಕ್ಕೆ ಹಾಕಿ ಸ್ಟಿಕ್ಕು ತಾಗುವ ಸದ್ದು ಅದು. ಚಹಾ ಆಗಿದೆ, ಮೇಲೆ ಬಾ ಎಂದು ಅದರ ಅರ್ಥ. ಬಹರೈನಿನ ಮಾಹೂಝಿನ ಈ ಕಟ್ಟಡದಲ್ಲಿ ನಮ್ಮಿಬ್ಬರ ಮನೆಯಲ್ಲೂ ಟೆಲಿಫೋನ್ ಇತ್ತು, ಆಮೇಲೆ ಮೊಬೈಲೂ ಬಂತು. ಆದರೂ ವ್ಯವಹಾರವೆಲ್ಲ ನಡೆದದ್ದು ಈ ಟಕ್‌ಟಕ್‌ನಲ್ಲೇ.

ಹೋದ ವಾರ ಆ ಫ್ಲಾಟಿಗೆ ಟೈಲ್ಸ್ ಬದಲಾಯಿಸುವವರು ಬಂದಿದ್ದರು. ಯಾವುದು ಟೊಳ್ಳು, ಯಾವುದು ಗಟ್ಟಿ ಎಂದು ನೋಡುವುದಕ್ಕೆ ಯಾರೋ ನೆಲವನ್ನು ಮೆಲ್ಲಗೆ ಬಡಿದರು. ನಾನು ಊಟ ಮುಗಿಸಿ ತೂಕಡಿಸುತ್ತಿದ್ದವಳು, “ಬಂದೆ, ಬಂದೆ” ಎಂದು ಎದ್ದು ಚಪ್ಪಲಿ ಹಾಕಿಕೊಂಡೆ. ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, “ಎಲ್ಲಿಗೆ?” ಎಂದರು. ನಾನು ಚಪ್ಪಲಿ ಕಳಚಿ ಬಾಗಿಲ ಬಳಿ ಇಟ್ಟೆ…

ಮೇಲಿನ ಫ್ಲಾಟಿನಲ್ಲಿದ್ದವರನ್ನು ಎಲ್ಲರೂ ಮೇಟ್ರನ್ ಬಾಯಿ ಎಂದೇ ಕರೆಯುತ್ತಿದ್ದರು. ಮನಾಮಾದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಅವರು ಮೇಟ್ರನ್. ಮಂಗಳೂರಿನ ಕ್ಯಾಥೊಲಿಕ್ ಮನೆಯವರು, ಮದುವೆಯಾದವರಲ್ಲ. ಅವರದು ಕೊಂಕಣಿ, ನನ್ನದು ತುಳು. ನಡುವೆ ನಮ್ಮ ಮಂಗಳೂರು ಕನ್ನಡ, ಕೋಪ ಬಂದಾಗ ಇಂಗ್ಲಿಷ್. ನಾವಿಬ್ಬರೂ ಕಲಿತದ್ದು ಬೇರೆ ಬೇರೆ ಕಾನ್ವೆಂಟಿನಲ್ಲಾದರೂ ಸಿಸ್ಟರುಗಳು ಒಂದೇ ಅಚ್ಚಿನವರಾಗಿದ್ದಿರಬೇಕು. ಎರಡೂ ಕಡೆ ಹಾಕಿ ಕಂಪಲ್ಸರಿ, ಎರಡೂ ಕಡೆ ಸ್ಕರ್ಟು ಮೊಣಕಾಲಿನ ಕೆಳಗೆ. ‘ಗರ್ಲ್ಸ್, ಪೋಸ್ಚರ್’ ಎಂದು ಯಾರಾದರೂ ಹಿಂದಿನಿಂದ ಕೂಗಿದರೆ ಈ ವಯಸ್ಸಿನಲ್ಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ನಮ್ಮ ಊರಿನವರ ಸಂಘ ಪ್ರತಿ ಚಳಿಗಾಲ, ವಾರದ ರಜೆಯಾದ ಶುಕ್ರವಾರಗಳಂದು ಹಾಕಿ ನಡೆಸುತ್ತಿತ್ತು. ಹೆಂಗಸರದು ನಾಲ್ಕು ತಂಡ, ನಾಲ್ಕಕ್ಕೂ ಮೀನಿನ ಹೆಸರು: ಅಂಜಲ್, ಕಾಣೆ, ಬಂಗುಡೆ, ಬೂತಾಯಿ. ಎಲ್ಲಕ್ಕಿಂತ ಅಗ್ಗದ ಮೀನಾದ ಬೂತಾಯಿ ಮೇಟ್ರನ್ ಬಾಯಿಯದು. ಅವರು ಕ್ಯಾಪ್ಟನ್, ಕೋಚ್, ಫಿಸಿಯೊ ಎಲ್ಲ. ನಾನು ಮ್ಯಾನೇಜರ್, ಅಂದರೆ ನೀರಿನ ಬಾಟ್ಲಿ ಹೊರುವ, ಮೋಸಂಬಿ ಸುಲಿಯುವ ಕೆಲಸ. ನಾವು ಸೋಲುವುದರಲ್ಲಿ ಒಂದು ಶಿಸ್ತು ಬೆಳೆಸಿಕೊಂಡಿದ್ದೆವು. “ಇವತ್ತು ಬೂತಾಯಿ ಫ್ರೈಯಾ, ಪುಳಿಮುಂಚಿ ಸಾರಾ?” ಎಂದು ಅಂಜಲಿನ ಕ್ಯಾಪ್ಟನ್ ಆಟಕ್ಕೆ ಮೊದಲೇ ಕೇಳುತ್ತಿದ್ದಳು.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಆ ಸೀಸನ್ನಿನಲ್ಲೂ ನಾವು ಕೊನೆ. ಸಂಘದವರು ಮೀಟಿಂಗ್ ಮಾಡಿ ಖಂಡಿತವಾಗಿ ಹೇಳಿದರು: ಮುಂದಿನ ಸಲವೂ ಕೊನೆಗೆ ಬಂದರೆ ಬೂತಾಯಿಯನ್ನು ಮುಚ್ಚಿ, ಆಡುವವರನ್ನು ಉಳಿದ ಮೂರು ತಂಡಕ್ಕೆ ಹಂಚುವುದು. ಅದೇ ಮುಂದಿನ ಮಾರ್ಚಿಗೆ ಮೇಟ್ರನ್ ಬಾಯಿಗೆ ಅರವತ್ತು ತುಂಬುತ್ತಿತ್ತು. ಆಸ್ಪತ್ರೆಯ ಕಾಂಟ್ರಾಕ್ಟ್ ಮುಗಿದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಬಹರೈನ್ ಇಲ್ಲ. ನನ್ನ ಗಂಡನಿಗೆ ಟುಬ್ಲಿಯಲ್ಲಿ ಸ್ವಂತ ಗ್ಯಾರೇಜಿದ್ದ ಕಾರಣ ನಾವು ಉಳಿದೆವು. ನೌಕರಿಗೆ ಬಂದವರು ಒಂದು ದಿನ ಹೊರಡಲೇಬೇಕು. ಅದನ್ನು ಇಲ್ಲಿ ಯಾರೂ ದೊಡ್ಡ ವಿಷಯ ಮಾಡುವುದಿಲ್ಲ.

“ನಾನು ಹೋಗುದು ಸೈ,” ಎಂದರು ಅವರು ಚಹಾ ಸೋಸುತ್ತಾ. “ಟೀಮ್ ನನ್ನೊಟ್ಟಿಗೆ ಹೋಗ್ಬಾರ್ದು ಮಾರಾಯ್ತಿ. ವಾರವಿಡೀ ಡ್ಯೂಟಿ, ಅಡಿಗೆ, ಮಕ್ಕಳ ಹೋಮ್‌ವರ್ಕ್. ಈ ಹುಡುಗಿಯರು ಜೋರಾಗಿ ಬೊಬ್ಬೆ ಹಾಕುದು ಶುಕ್ರವಾರ ಮಾತ್ರ.”

ಆ ಬೇಸಿಗೆ ಅವರು ಊರಿಗೆ ರಜೆ ಹೋಗಲಿಲ್ಲ. ಆಗಸ್ಟಿನಲ್ಲಿ ಇಲ್ಲಿ ಕಾರಿನ ಬಾಗಿಲಿನ ಹಿಡಿ ಮುಟ್ಟಿದರೆ ಕೈ ಸುಡುತ್ತದೆ, ನಮ್ಮವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಮಂಗಳೂರು ಸೇರಿರುತ್ತಾರೆ. ಖಾಲಿ ಊರಿನಲ್ಲಿ ನಾವಿಬ್ಬರು ಮುದುಕಿಯರು ತಂಡ ಕಟ್ಟಿದೆವು. ರೀಬಿಲ್ಡಿಂಗ್ ಅಂದರೆ ಮೊದಲು ಒಡೆಯಬೇಕು ಎಂದರು ಮೇಟ್ರನ್ ಬಾಯಿ. ಮೈದಾನದ ನಡುವಿನ ಸೆಂಟರ್ ಹಾಫ್ ಜಾಗದಿಂದ ತಮ್ಮನ್ನೇ ಮೊದಲು ತೆಗೆದುಹಾಕಿದರು. ಒಳ್ಳೆಯ ಒಬ್ಬ ಫಾರ್ವರ್ಡನ್ನು ಬಂಗುಡೆಗೆ ಕೊಟ್ಟು, ಬದಲಿಗೆ ಸಾಧಾರಣದ ಒಬ್ಬ ಡಿಫೆಂಡರನ್ನು ತಂದರು. ನನಗೆ ಸಿಟ್ಟು ಬಂತು.

“ಅವಳಿಗೆ ಓಡ್ಲಿಕ್ಕೇ ಬರುದಿಲ್ಲ,” ಎಂದೆ.

“ಅವಳ ಹತ್ತಿರ ಏಳು ಸೀಟಿನ ಕಾರುಂಟು. ಹೋದ ವರ್ಷ ಎಷ್ಟು ಮ್ಯಾಚಿಗೆ ನಮ್ಮ ಅರ್ಧ ಟೀಮು ಟ್ಯಾಕ್ಸಿ ಸಿಗದೆ ಮನೆಯಲ್ಲಿತ್ತು, ಹೇಳು.”

ನಾನು ಅವಳ ಹೆಸರನ್ನು ಲಿಸ್ಟಿಗೆ ಸೇರಿಸಿದೆ.

ಹೊಸಬರನ್ನು ಆರಿಸುವುದಕ್ಕೂ ಒಂದು ಕ್ರಮವಿತ್ತು, ಡ್ರಾಫ್ಟ್ ಎನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಸಂಘದ ಹಾಲಿನಲ್ಲಿ, ಆ ವರ್ಷ ಹೆಸರು ಕೊಟ್ಟ ಹೊಸ ಆಟಗಾರ್ತಿಯರನ್ನು ನಾಲ್ಕು ತಂಡದವರು ಸರದಿಯಂತೆ ಆರಿಸಿಕೊಳ್ಳಬೇಕು. ಕೊನೆಗೆ ಬಂದವರಿಗೆ ಮೊದಲ ಸರದಿ. ಸೋತದ್ದಕ್ಕೆ ಸಿಗುವ ಏಕೈಕ ಬಹುಮಾನ ಅದು. ಆದ್ದರಿಂದ ಮೇಟ್ರನ್ ಬಾಯಿ ಬೇಸಿಗೆಯಿಡೀ ಹೆಂಗಸರನ್ನು ನೋಡುತ್ತಾ ತಿರುಗಿದರು. ಸೀಫಿನ ಮಾಲಿನಲ್ಲಿ ತಂಪಿಗೆ ವಾಕ್ ಮಾಡುವ ನೆಪ, ಕಣ್ಣೆಲ್ಲ ಟ್ರಾಲಿ ತಳ್ಳುವವರ ಮೇಲೆ. “ಆ ನೀಲಿ ಚೂಡಿದಾರ್ ನೋಡು, ಎಷ್ಟು ಚಂದ ಟರ್ನ್ ತೆಗೆದಳು,” ಎನ್ನುತ್ತಿದ್ದರು. ಪರಿಚಯವಿಲ್ಲದವರನ್ನೂ ನಿಲ್ಲಿಸಿ, ಶುಕ್ರವಾರ ಆಫ್ ಉಂಟಾ, ಗಂಡನದು ಶಿಫ್ಟಾ, ಸೊಂಟ ನೋವುಂಟಾ ಎಂದು ವಿಚಾರಿಸುತ್ತಿದ್ದರು. ನೀಲಿ ಚೂಡಿದಾರ್ ಲಾಹೋರಿನವಳೆಂದು ಗೊತ್ತಾದ ಮೇಲೂ ಅವಳ ಸೊಂಟದ ವಿಚಾರ ಮುಂದುವರಿದಿತ್ತು.

ಆದರೆ ಅವರ ನಿಜವಾದ ಪರೀಕ್ಷೆ ತೆನೆಹಬ್ಬದ ಅಡಿಗೆಯಲ್ಲಿ. ಕನ್ಯಾಮರಿಯಮ್ಮನ ಆ ಹಬ್ಬಕ್ಕೆ, ಡ್ರಾಫ್ಟಿಗೆ ಕೆಲವು ದಿನ ಮೊದಲು, ಸಂಘದ ಹಾಲಿನಲ್ಲಿ ಎಲ್ಲರಿಗೂ ಊಟ. ರಜೆಯಿಂದ ಮರಳಿದ ಹೆಂಗಸರು ಜಾತಿ ಮತ ನೋಡದೆ ಬೆಳಿಗ್ಗೆಯಿಂದಲೇ ತರಕಾರಿ ಹೆಚ್ಚಲು, ಕಾಯಿ ತುರಿಯಲು ಕೂರುತ್ತಿದ್ದರು. “ಕಾಯಿ ತುರಿಯುವ ಕೈ ನೋಡ್ಬೇಕು,” ಎಂಬುದು ಮೇಟ್ರನ್ ಬಾಯಿಯ ಥಿಯರಿ. “ಭುಜದಿಂದ ತುರಿಯುವವಳು ಬಾಲ್ ಹೊಡೀತಾಳೆ. ರಿಸ್ಟಿನಿಂದ ತುರಿಯುವವಳು ಬಾಲನ್ನು ಆಡಿಸ್ತಾಳೆ. ನಂಗೆ ರಿಸ್ಟ್ ಬೇಕು.”

ಆ ವರ್ಷ ತುರಿಮಣೆಯ ಮೇಲೆ ಒಬ್ಬಳು ಮದುಮಗಳು ಕೂತಿದ್ದಳು. ಮದುವೆಯಾಗಿ ಬಂದು ನಾಲ್ಕೈದು ತಿಂಗಳು. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿಗೆ ಆಡಿದವಳೆಂದು ನಾಲ್ಕೂ ತಂಡಕ್ಕೆ ಗೊತ್ತಿತ್ತು. ಅವಳ ಮಣಿಕಟ್ಟು ಗಡಿಯಾರದೊಳಗಿನ ಚಕ್ರದ ಹಾಗೆ ತಿರುಗುತ್ತಿತ್ತು, ತುರಿಯಲ್ಲಿ ಕಪ್ಪು ಚೂರು ಒಂದೂ ಇಲ್ಲ. ಮೇಟ್ರನ್ ಬಾಯಿ ಏನೂ ಅರಿಯದವರಂತೆ ಒಂದು ಇಡೀ ತೆಂಗಿನಕಾಯಿಯನ್ನು ಅವಳ ಕಡೆ ಉರುಳಿಸಿ ಬಿಟ್ಟರು. ಹುಡುಗಿ ತಲೆಯೆತ್ತದೆ ಸೌಟು ಅಡ್ಡ ಹಿಡಿದು ನಿಲ್ಲಿಸಿದಳು. ಕಾಯಿ ಅಲ್ಲೇ ಸತ್ತ ಹಾಗೆ ನಿಂತಿತು.

“ಟ್ರ್ಯಾಪಿಂಗ್ ನೋಡಿದ್ಯಾ?” ಎಂದು ನನ್ನ ಪಕ್ಕೆಗೆ ತಿವಿದರು. “ದಟ್ಸ್ ಮೈ ಗರ್ಲ್.”

ಊಟಕ್ಕೆ ಕೂತಾಗಲೂ ಅವಳ ಎದುರೇ ಕೂತು ನೋಡಿದರು. ಹುಡುಗಿ ಪಾಯಸ ಮುಟ್ಟಲಿಲ್ಲ, ಹುಳಿ ಹುಳಿ ಬಿಂಬುಳಿ ಉಪ್ಪಿನಕಾಯಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡಳು. “ಸಿಹಿ ತಿನ್ನುದಿಲ್ಲ. ಡಿಸಿಪ್ಲಿನ್ ಉಂಟು,” ಎಂದರು ಮೇಟ್ರನ್ ಬಾಯಿ. ನಾನೂ ತಲೆಯಾಡಿಸಿದೆ. ಎರಡು ಹೆತ್ತವಳು ನಾನು, ಸಾವಿರಾರು ಹೆರಿಗೆ ಮಾಡಿಸಿದವರು ಅವರು.

ಡ್ರಾಫ್ಟಿನ ಸಂಜೆ ಹಾಲ್ ತುಂಬಿತ್ತು. ಮೊದಲ ಸರದಿ ಬೂತಾಯಿಯದು. ಮೇಟ್ರನ್ ಬಾಯಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಪ್ರಾರ್ಥನೆಗೆ ನಿಂತವರಂತೆ ನಿಂತು ಆ ಹುಡುಗಿಯ ಹೆಸರು ಹೇಳಿದರು. ಅಂಜಲಿನವರು ನಿಟ್ಟುಸಿರು ಬಿಟ್ಟದ್ದು ನಮಗೆ ಕೇಳಿಸಿತು. ಆಗ ಹುಡುಗಿ ಎದ್ದು ನಿಂತಳು. ಮುಖ ಕೆಂಪಾಗಿತ್ತು.

“ಬಾಯಿ, ಹೆಸರು ಜೂನಿನಲ್ಲಿ ಕೊಟ್ಟದ್ದು. ಆಗ ಗೊತ್ತಿರ್ಲಿಲ್ಲ. ಈಗ ನಂಗೆ… ಮೂರು ತಿಂಗಳು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಷ್ಟೆ, ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಹೆರಿಗೆ ವಾರ್ಡಿನ ಮೇಟ್ರನ್ ಮಣಿಕಟ್ಟು ನೋಡಿದರು, ಮೊಣಕಾಲು ನೋಡಿದರು, ಮುಖ್ಯವಾದದ್ದನ್ನೇ ನೋಡಲಿಲ್ಲ. ಮೇಟ್ರನ್ ಬಾಯಿ ಎಲ್ಲರಿಗಿಂತ ಜೋರಾಗಿ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಬಿಂಬುಳಿ ಉಪ್ಪಿನಕಾಯಿ,” ಎಂದರು ನನ್ನ ಕಡೆ ತಿರುಗಿ. “ವಾಟ್ ಅ ಪೇರ್ ಆಫ್ ಡಾಂಕೀಸ್ ವಿ ಆರ್.”

ಅಂಜಲಿನ ಕ್ಯಾಪ್ಟನ್ ಎಷ್ಟೇ ಕೆಣಕಿದರೂ ಒಳ್ಳೆಯವಳು. “ಬಾಯಿ, ನೀವು ಪುನಃ ಆರಿಸಿ, ನಾವು ಯಾರೂ ಬೇಡ ಅನ್ನುದಿಲ್ಲ,” ಎಂದಳು.

ನಾನು ಮೇಟ್ರನ್ ಬಾಯಿಯ ಸೆರಗು ಹಿಡಿದೆಳೆದು, ಒಪ್ಪಿಕೊಳ್ಳಿ ಎಂದೆ. ಬೇಸಿಗೆಯಿಡೀ ಕಟ್ಟಿದ್ದು ಒಂದೇ ನಿಮಿಷದಲ್ಲಿ ಕುಸಿಯುವುದಿತ್ತು. ಅವರು ಹುಡುಗಿಯನ್ನು ನೋಡಿದರು. ಅವಳು ಇನ್ನೂ ನಿಂತೇ ಇದ್ದಳು, ಏನೋ ತಪ್ಪು ಮಾಡಿದವಳಂತೆ ಸೆರಗಿನ ತುದಿ ಸುತ್ತುತ್ತಾ.

“ಬೇಡ,” ಎಂದರು ಮೇಟ್ರನ್ ಬಾಯಿ. “ಹೊಟ್ಟೆಯಲ್ಲಿ ಮಗು ಉಂಟು ಅಂತ ವಾಪಸು ಕೊಟ್ಟು ಬೇರೆ ತೆಕ್ಕೊಳ್ಳಿಕ್ಕೆ ಇದೆಂತ ಬಟ್ಟೆ ಅಂಗಡಿಯಾ? ಮೈ ಪಿಕ್ ಈಸ್ ಮೈ ಪಿಕ್. ಬಾ ಮಗಾ, ಇಲ್ಲಿ ಕೂತ್ಕೊ.”

ಸರದಿ ಸುತ್ತಿ ನಮಗೆ ಬರುವಷ್ಟರಲ್ಲಿ ಉಳಿದದ್ದು ಒಬ್ಬರೇ. ಸೀಫಿನ ಬ್ಯಾಂಕಿನ ಒಬ್ಬ ಆಫೀಸರ್, ಸ್ಟಿಕ್ಕನ್ನೇ ಹಿಡಿಯದವರು, ತೂಕ ಇಳಿಸಲು ಡಾಕ್ಟರ್ ಹೇಳಿದರೆಂದು ಬಂದವರು. “ನನ್ನನ್ನು ಗೋಲಿಗೆ ನಿಲ್ಲಿಸಿ ಬಾಯಿ,” ಎಂದರು ಅವರೇ. “ಅರ್ಧ ಗೋಲು ನಾನು ಸುಮ್ಮನೆ ನಿಂತ್ರೆ ಮುಚ್ಚೀತು. ಉಳಿದರ್ಧ ನೀವೆಲ್ಲ ನೋಡ್ಕೊಳ್ಳಿ.”

ಆ ಚಳಿಗಾಲದಷ್ಟು ನಾನು ಜೀವನದಲ್ಲಿ ನಕ್ಕದ್ದಿಲ್ಲ. ಗೆರೆಯ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ನಮ್ಮ ಮೊದಲ ಆಯ್ಕೆ, ಶಾಲು ಹೊದ್ದು, ಕೈಯಲ್ಲಿ ಉಪ್ಪಿನಕಾಯಿಯ ಸಣ್ಣ ಡಬ್ಬಿ. ಶುಕ್ರವಾರದಿಂದ ಶುಕ್ರವಾರಕ್ಕೆ ಹೊಟ್ಟೆ ದೊಡ್ಡದಾಗುತ್ತಿತ್ತು. ಆಡಲಾಗದವಳ ಕಣ್ಣಿಗೆ ಆಟ ಹೆಚ್ಚು ಕಾಣುತ್ತದೋ ಏನೋ… ಯಾರು ಸುಸ್ತಾದರು, ಎಲ್ಲಿ ಜಾಗ ಖಾಲಿಯಾಯಿತು, ಎಲ್ಲ ಹೇಳುತ್ತಿದ್ದಳು. ಅವಳು ಕೂಗಬಾರದೆಂದು ಮೇಟ್ರನ್ ಬಾಯಿಯ ಆರ್ಡರ್, ಬಿ.ಪಿ. ಏರುತ್ತದಂತೆ. ಹಾಗಾಗಿ ಅವಳು ಪಿಸುಗುಟ್ಟಿದ್ದನ್ನು ಗೆರೆಯುದ್ದಕ್ಕೂ ಓಡಿ ಓಡಿ ಕೂಗುವ ಕೆಲಸ ನನಗೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಅರವತ್ತರ ಹತ್ತಿರದವಳು ನಾನು ಓಡಿದ್ದನ್ನು ನನ್ನ ಸಿಸ್ಟರುಗಳು ನೋಡಿದ್ದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಕೊನೆಯ ಮ್ಯಾಚ್ ಕಾಣೆಯ ಜೊತೆ. ನಾವು ಸೋತರೆ ಕೊನೆ, ಸಮ ಮಾಡಿಕೊಂಡರೆ ಕಾಣೆಯವರು ಕೊನೆ. ಅವರು ಹಿಂದಿನ ವರ್ಷ ಎರಡನೆಯವರು, ಒಂದು ಸಲ ಕೊನೆಗೆ ಬಂದರೆ ಅವರ ತಂಡಕ್ಕೇನೂ ಆಗುತ್ತಿರಲಿಲ್ಲ. ನಮ್ಮದು ಹಾಗಲ್ಲ. ಮಧ್ಯಂತರದಲ್ಲಿ ಹುಡುಗಿ ನಮ್ಮ ಗೋಲ್‌ಕೀಪರನ್ನು ಹತ್ತಿರ ಕರೆದಳು. “ಅಕ್ಕ, ಅವರ ಕ್ಯಾಪ್ಟನ್ ನೋಡುದು ಒಂದು ಕಡೆ, ಹೊಡೆಯುದು ಇನ್ನೊಂದು ಕಡೆ. ಕಣ್ಣು ನಂಬಬೇಡಿ, ಮೊಣಕಾಲು ನೋಡಿ.”

ಗೋಲೇ ಇಲ್ಲದೆ ಆಟ ಮುಗಿಯುತ್ತಾ ಬಂದಾಗ ನಮ್ಮ ಏಳು ಸೀಟಿನ ಕಾರಿನವಳು ಗೋಲಿನ ಬಾಯಲ್ಲಿ ಬಾಲನ್ನು ಕಾಲಿನಿಂದ ತಡೆದಳು. ಕಾಣೆಗೆ ಪೆನಾಲ್ಟಿ ಸ್ಟ್ರೋಕ್. ನಮ್ಮ ಗೋಲ್‌ಕೀಪರಿನ ಎದುರು ಅವರ ಕ್ಯಾಪ್ಟನ್ ಒಬ್ಬಳೇ. ಮೇಟ್ರನ್ ಬಾಯಿ ನನ್ನ ಕೈ ಹಿಡಿದುಕೊಂಡರು. ಕ್ಯಾಪ್ಟನ್ ಬಲಕ್ಕೆ ನೋಡಿದಳು. ನಮ್ಮ ಬ್ಯಾಂಕ್ ಆಫೀಸರ್ ಮೆಲ್ಲಗೆ, ಬಹಳ ಮೆಲ್ಲಗೆ, ಅದರ ವಿರುದ್ಧ ಕಡೆಗೆ ಬಿದ್ದರು. ಬಾಲ್ ಬಂದು ಅವರ ಪ್ಯಾಡಿಗೆ ತಾಗಿ ಹೊರಗೆ ಹೋಯಿತು.

“ಮೊಣಕಾಲು ಕಾಣ್ಲಿಲ್ಲ ಅಂತ ಬಗ್ಗಿದೆ,” ಎಂದರು ಅವರು ಆಮೇಲೆ, ಅವರನ್ನು ಎತ್ತಿ ನಿಲ್ಲಿಸಿದ ಮೇಲೆ. “ಬಗ್ಗಿದ್ದು ಜಾಸ್ತಿಯಾಯ್ತು.”

ಸೊನ್ನೆ ಸೊನ್ನೆ. ಯಾರಿಗೂ ಕಪ್ ಸಿಗದ ಆ ಆಟಕ್ಕೆ ನಾವು ರಸ್ತೆ ಬದಿಯ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿದು, ಹತ್ತು ಜನ ಏಳು ಸೀಟಿನ ಕಾರಿನಲ್ಲಿ ತುಂಬಿಕೊಂಡು ಬೊಬ್ಬೆ ಹಾಕುತ್ತಾ ಮಾಹೂಝಿಗೆ ಬಂದೆವು. ಗರ್ಭಿಣಿಗೆ ಮಾತ್ರ ಮುಂದಿನ ಸೀಟು.

ಬೂತಾಯಿ ಈಗಲೂ ಆಡುತ್ತದೆ. ಹೆಚ್ಚಾಗಿ ಮೂರನೆಯದು, ಒಂದು ವರ್ಷ ಎರಡನೆಯದೂ ಆಯಿತು. ಮೇಟ್ರನ್ ಬಾಯಿ ಹೋದ ಮಳೆಗಾಲದಲ್ಲಿ ಊರಿನ ತಂಗಿಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರಂತೆ. ವಾಟ್ಸಾಪಿನಲ್ಲಿ ಸುದ್ದಿ ಬಂದಾಗ ನಾನು ಛಾವಣಿಯನ್ನೇ ನೋಡುತ್ತಾ ಕೂತಿದ್ದೆ… ಹುಡುಗಿಗೆ ಹೆಣ್ಣು ಮಗುವಾಯಿತು, ಮೇಟ್ರನ್ ಬಾಯಿಯ ಕೈಯಲ್ಲೇ, ಅವರ ಕೊನೆಯ ಡ್ಯೂಟಿಯ ವಾರದಲ್ಲಿ. ಆ ಮಗು ಈಗ ನನ್ನ ಭುಜದೆತ್ತರ. ಹಾಕಿ ಆಡ್ತೀಯಾ ಎಂದು ಮೊನ್ನೆ ಕೇಳಿದೆ. “ಬೋರಿಂಗ್, ಆಂಟಿ,” ಎಂದಳು. ಬ್ಯಾಡ್ಮಿಂಟನ್ ಅಂತೆ. ರಿಸ್ಟಿನ ಆಟವೇ, ಅಂದುಕೊಂಡೆ.

ಮೇಟ್ರನ್ ಬಾಯಿ ಬಹರೈನ್ ಬಿಟ್ಟು ಹೊರಟ ದಿನ ಹುಡುಗಿ ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಬಂದಿದ್ದಳು. ಸೂಟ್‌ಕೇಸುಗಳೆಲ್ಲ ಆಗಲೇ ಕೆಳಗೆ ಹೋಗಿದ್ದವು. ನಮ್ಮ ಬಾಗಿಲ ಮುಂದೆ, ಲಿಫ್ಟಿನ ಎದುರು ನಿಂತು ಮೇಟ್ರನ್ ಬಾಯಿ ಬಟ್ಟೆಯೊಳಗಿಂದ ಆ ಪುಟ್ಟ ಕೈಯನ್ನು ಹೊರಗೆ ತೆಗೆದು, ಮಣಿಕಟ್ಟನ್ನು ಹೆಬ್ಬೆರಳಿನಿಂದ ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ನೋಡು ಮಾರಾಯ್ತಿ,” ಎಂದರು ನನಗೆ. “ನನ್ನ ಪಿಕ್ ತಪ್ಪಿರ್ಲಿಲ್ಲ. ಇವಳು ಸ್ವಲ್ಪ ಲೇಟಾಗಿ ಜಾಯಿನ್ ಆದಳು, ಅಷ್ಟೆ.”

ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚಲು ಹೋಗಿ, ಅಡ್ಡ ಹಿಡಿದಿದ್ದ ಹಾಕಿ ಸ್ಟಿಕ್ಕಿಗೆ ತಾಗಿ ಮತ್ತೆ ತೆರೆದುಕೊಂಡಿತು. ಇನ್ನೊಮ್ಮೆ ಮುಖ ಕಂಡಿತು, ಇಬ್ಬರೂ ನಕ್ಕೆವು. ಸ್ಟಿಕ್ಕನ್ನು ನೆಟ್ಟಗೆ ಹಿಡಿದುಕೊಂಡರು. ಬಾಗಿಲು ಮುಚ್ಚಿತು. ಲಿಫ್ಟು ಕೆಳಗಿಳಿಯುತ್ತಿದ್ದ ಹಾಗೆ ಅದರ ನೆಲಕ್ಕೆ ಸ್ಟಿಕ್ಕು ಬಡಿಯುವುದು ಕೇಳಿಸಿತು. ಟಕ್… ಟಕ್‌ಟಕ್… ಟಕ್. ಕಿವಿಗೆ ಸಿಗುವಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ.