ಮಂಚಯ್ಯನ ಬಿಳಿ ಬುಷ್ಷು

ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆ ದಾಟಿ ಪಿರಿಯಾಪಟ್ಟಣದ ಕಡೆ ಹೋಗುವಾಗ ಎಡಗಡೆ ಒಂದು ತಗಡಿನ ಶೆಡ್ಡು ಇತ್ತು. ಅದು ನನ್ನ ಗಂಡ ಮಂಚಯ್ಯನವರದು. ಈಗ ಅಲ್ಲಿ ಹೊಗೆಸೊಪ್ಪಿನ ಮೂಟೆ ಒಟ್ಟುತ್ತಾರೆ. ಅವರು ಸತ್ತು ವರ್ಷ ತುಂಬುತ್ತ ಬಂತು. ಅವರ ಕೆಲಸದಿಂದ ಒಬ್ಬ ಮನುಷ್ಯ ಸತ್ತ ಎಂದು ಊರು ಇವತ್ತಿಗೂ ಹೇಳುತ್ತದೆ. ಹಾಗಲ್ಲ. ಹೇಗೆ ಎಂದು ಬರೆಯುತ್ತೇನೆ.

ಅವರಪ್ಪ ಕಟ್ಟೆಮಳಲವಾಡಿಯಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದರು. ಚಕ್ರಕ್ಕೆ ಪಟ್ಟಿ ಹೊಡೆಯುವುದು, ಅಚ್ಚು ಕೂರಿಸುವುದು ನೋಡಿಕೊಂಡು ಇವರು ಬೆಳೆದರು. ನನ್ನನ್ನು ನೋಡಲು ಬಂದಾಗ ಮೈಸೂರಿನ ಲಾರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತಿದ್ದರು. ಹೊಲ ಎಷ್ಟಿದೆ ಎಂದು ನಮ್ಮಪ್ಪ ಕೇಳಿದರು. ಹೊಲ ಇಲ್ಲ, ಸ್ಪ್ಯಾನರ್ ಇದೆ ಎಂದರು. ಮಾತು ಹಾಗೇ, ಒರಟು. ನನ್ನ ಸಾರು ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ. ಚೆನ್ನಾಗಿಲ್ಲದ ದಿನ ಮಾತ್ರ ತಪ್ಪದೆ ಹೇಳುತ್ತಿದ್ದರು.

ಶೆಡ್ಡಿಗೆ ಎಲ್ಲ ಗಾಡಿಯೂ ಬರುತ್ತಿತ್ತು. ಹೆಸರು ಇದ್ದದ್ದು ಸ್ಪ್ರಿಂಗ್ ಕೆಲಸಕ್ಕೆ. ಜೀಪು, ಕಾರಿನ ಅಡಿಯಲ್ಲಿ ಕಬ್ಬಿಣದ ಪಟ್ಟಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಇರುತ್ತದೆ. ಅದರ ತುದಿ ಕಿವಿಯ ಹಾಗೆ ಸುತ್ತಿಕೊಂಡಿರುತ್ತದೆ. ಆ ಕಿವಿಯೊಳಗೆ ಬೋಲ್ಟು. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು ಎಂದು ನಡುವೆ ಒಂದು ರಬ್ಬರಿನ ಮೆತ್ತೆ. ಅದಕ್ಕೆ ಬುಷ್ ಅನ್ನುತ್ತಾರೆ. ಅದು ಸವೆದರೆ ಗಾಡಿ ಸೊಟ್ಟ ಎಳೆಯುತ್ತದೆ. ಪೂರ್ತಿ ಹೋದರೆ ಮುಂದಿನ ಚಕ್ರವೇ ಜಾಗ ಬಿಟ್ಟು ಸರಿಯುತ್ತದೆ. ಇದನ್ನು ಅವರು ಹೇಳಿಕೊಡಲಿಲ್ಲ. ಬುತ್ತಿ ಕೊಡಲು ಹೋಗಿ ನೋಡಿ ನೋಡಿ ತಿಳಿದುಕೊಂಡೆ.

ಹೊಸ ರಬ್ಬರು ಆಗ ಮೈಸೂರಿನಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಇವರು ಹಳೆ ಲಾರಿ ಟೈರು ಕೊಯ್ದು ಬುಷ್ ಮಾಡುತ್ತಿದ್ದರು. ಬಾಳಿಸಿದರೆ ಬಾಳುತ್ತಿತ್ತು. ಬಾಳಿಸುವವರು ಬೇಕಲ್ಲ. ನಮ್ಮ ಕಡೆಯ ಡ್ರೈವರುಗಳೆಲ್ಲ ಎತ್ತು ಹೊಡೆದು ಬಂದವರು. ಎತ್ತಿನ ಗಾಡಿ ಕಿರ್ ಅಂದರೆ ಅಚ್ಚಿಗೆ ಕೀಲೆಣ್ಣೆ ಹಾಕಬೇಕು. ಹಾಕದವನಿಗೆ ಎತ್ತಿನ ಪಾಪ ತಟ್ಟುತ್ತದೆ ಎಂದು ಊರು ಬೈಯುತ್ತದೆ. ಜೀಪಿಗೂ ಅದೇ ಕೈ. ಸೀಟಿನ ಕೆಳಗೆ ಒಂದು ಬಿದಿರಿನ ಗೊಟ್ಟ, ಅದರ ತುಂಬ ಹರಳೆಣ್ಣೆಗೆ ಹಳೆ ಎಂಜಿನ್ ಆಯಿಲ್ ಕಲಸಿದ ಕೀಲೆಣ್ಣೆ. ಎಲ್ಲಿ ಕಿರ್ ಅಂದರೆ ಅಲ್ಲಿಗೆ ಸುರಿಯುವುದು. ಎಣ್ಣೆ ಕುಡಿದ ರಬ್ಬರು ಉಬ್ಬಿ, ಕೊಳೆತ ಹಲಸಿನ ತೊಳೆಯ ಹಾಗೆ ಆಗಿ ಕಿತ್ತು ಬರುತ್ತದೆ. ಇವರು ಬೈದರು. ಗೊಟ್ಟಗಳನ್ನು ಕಿತ್ತುಕೊಂಡು ಒಲೆಗೆ ಹಾಕಿದರು. ಕಾಡಿನ ದಾರಿಯಲ್ಲಿ ಬಿದಿರಿಗೆ ಏನು ಬರ.

ಇದರಲ್ಲಿ ಎಲ್ಲರಿಗಿಂತ ಮುಂದು ನನ್ನ ಅಣ್ಣ ಚಾಮಯ್ಯ. ಅವನು ಎಚ್.ಡಿ. ಕೋಟೆಯ ಬಿದಿರು ಕಂಟ್ರಾಕ್ಟರು ಷಣ್ಮುಖಪ್ಪನ ಜೀಪು ಓಡಿಸುತ್ತಿದ್ದ.

"ಭಾವ, ಅದು ಕಿರ್ ಅಂತಿದ್ರೆ ಮನ್ಸು ತಡಿಯಾಕಿಲ್ಲ ಕಣ," ಅನ್ನುತ್ತಿದ್ದ.

"ನಿನ್ನ ಎಂಡ್ರೂ ದಿನಾ ಕಿರ್ ಅಂತಾಳೆ. ಅವಳ ಬಾಯ್ಗೂ ಉಯ್ತೀಯೇನ್ಲಾ?"

ಹೀಗೆ ಬೈದು ಸಾಕಾಗಿ ಇವರು ಪ್ಲಾಸ್ಟಿಕ್ ಕಡೆ ತಿರುಗಿದರು. ಜನರ ಕೈ ತಿದ್ದಲು ಆಗದು, ಎಣ್ಣೆಗೆ ಹೆದರದ ಮೆತ್ತೆಯನ್ನೇ ಹುಡುಕುತ್ತೇನೆ ಎಂದರು. ಮೈಸೂರಿನ ಗುಜರಿಯಲ್ಲಿ ಯಾವುದೋ ಮಿಲ್ಲಿನ ಮಿಷನ್ನಿನಿಂದ ಬಿಚ್ಚಿ ಎಸೆದ ಬಿಳಿ ಉರುಳೆ ಸಿಕ್ಕಿತು. ನೈಲಾನು. ತಂದು, ಲೇತಿನಲ್ಲಿ ಕೊರೆಸಿ, ಅರದಿಂದ ಉಜ್ಜಿ ಬುಷ್ ಮಾಡಿದರು. ಎಣ್ಣೆ ಸುರಿದರೂ ಅದು ಅಲುಗಲಿಲ್ಲ. ಆದರೆ ಗಟ್ಟಿ. ರಸ್ತೆಯ ಕಲ್ಲೆಲ್ಲ ಬೆನ್ನಿಗೆ ಹೊಡೆಯುತ್ತಿತ್ತು. ಮಂಚಯ್ಯನ ಬಿಳಿ ಬುಷ್ ಹಾಕಿದ ಗಾಡಿಯಲ್ಲಿ ಬಸುರಿಯನ್ನು ಕೂರಿಸಬೇಡಿ ಎಂದು ಡ್ರೈವರುಗಳು ನಗುತ್ತಿದ್ದರು. ನಗುತ್ತಲೇ ಹಾಕಿಸಿಕೊಂಡರು.

ಬೇಸಿಗೆಯಲ್ಲಿ ಒಣಗಿದರೆ ನೈಲಾನು ಬಿರುಕು ಬಿಡುತ್ತದೆ. ಹಾಕುವ ಮೊದಲು ನೀರಿನಲ್ಲಿ ಬೇಯಿಸಬೇಕು. ಬೇಯಿಸಿದ್ದು ನನ್ನ ಅನ್ನದ ತಪ್ಪಲೆಯಲ್ಲಿ. ಕೇಳಿದ್ದಕ್ಕೆ, ಅನ್ನಕ್ಕಿಂತ ಇದು ಚೆನ್ನಾಗಿ ಬೇಯುತ್ತದೆ ಎಂದರು. ಆ ತಪ್ಪಲೆಯಲ್ಲಿ ಮತ್ತೆ ಅನ್ನ ಮಾಡಲಿಲ್ಲ. ಉರುಳೆ ಯಾವಾಗಲೂ ಸಿಗುತ್ತಿರಲಿಲ್ಲ, ಅದಕ್ಕೆ ಹಳೆಯದನ್ನೂ ಬಳಸುತ್ತಿದ್ದರು. ಒಂದು ಮಳೆಗಾಲ ಓಡಿದ ಬುಷ್ಷನ್ನು ತೆಗೆದು, ಸವೆದ ಮಗ್ಗುಲು ಮೇಲಾಗುವಂತೆ ತಿರುಗಿಸಿ, ಮತ್ತೆ ಬೇಯಿಸಿ ಕೂರಿಸುವುದು. ಅದಕ್ಕೂ ಮೊದಲು ಶೆಡ್ಡಿನ ಬಾಗಿಲ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದರು. ಬಿರುಕು ಇದ್ದರೆ ಸದ್ದು ಒಡಕು. ಒಂದು ಸಲ ತಿರುಗಿಸಿದ್ದನ್ನು ಎರಡನೇ ಸಲ ತಿರುಗಿಸುವ ಹಾಗಿಲ್ಲ. ಯಾರು ಹೇಳಿದರೂ ಹಾಕುತ್ತಿರಲಿಲ್ಲ.

ಎಪ್ಪತ್ತೆರಡನೇ ಇಸವಿ ಮಳೆ ನಿಂತ ಮೇಲೆ ಚಾಮಯ್ಯ ಷಣ್ಮುಖಪ್ಪನ ಜೀಪು ತಂದ. ಮುಂದಿನ ಬುಷ್ಷುಗಳು ಆಗಲೇ ಒಮ್ಮೆ ತಿರುಗಿಸಿದ್ದವು. ಬಿಚ್ಚಿ ಕಲ್ಲಿನ ಮೇಲೆ ಬೀಳಿಸಿದರೆ ಒಡಕು ಸದ್ದು. ಹೊಸ ಉರುಳೆ ಮೈಸೂರಿನಿಂದ ಬರಬೇಕು, ಜೀಪು ಬಿಟ್ಟು ಹೋಗು ಎಂದರು ಇವರು. ಚಾಮಯ್ಯ ಒಪ್ಪಲಿಲ್ಲ. ಎನ್. ಬೇಗೂರಿನ ಆಚೆ ಕಾಡುಜನರ ಹಾಡಿಯ ಆಳುಗಳು ಬಿದಿರು ಕಡಿಯಲು ಕಾದಿದ್ದಾರೆ, ನಾಳೆ ಅವರನ್ನು ಕಾಡಿಗೆ ಬಿಡಬೇಕು, ಇದೊಂದು ಸಲ ಅದನ್ನೇ ಹಾಕಿಕೊಡಲು ಯಜಮಾನರು ಹೇಳಿದ್ದಾರೆ ಎಂದ. ಇವರು ಆಗಲ್ಲ ಎಂದರು. ಅವನು ಬಿಡಲಿಲ್ಲ. ಬೇಡಿಕೊಂಡ, ಬೈದ, ತಂಗಿ ಕೊಟ್ಟಿದ್ದೀವಿ ಎಂದೂ ಅಂದ. ಇವರಿಗೆ ಸಿಟ್ಟು ಬಂತು. ಬಿಚ್ಚಿದ ಬುಷ್ಷುಗಳನ್ನು ಅದೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಚೂರು ಮಾಡಿದರು.

"ತಕ್ಕೊ, ಈಗ ಹಾಕು," ಎಂದು ಹೇಳಿ ಊಟಕ್ಕೆ ಮನೆಗೆ ಬಂದರು.

ಊಟ ಮುಗಿಸಿ ಹೋಗುವಷ್ಟರಲ್ಲಿ ಜೀಪು ಇರಲಿಲ್ಲ. ಚಾಮಯ್ಯ ತನ್ನ ಕಾಲಿನ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು, ಸುರುಳಿ ಸುತ್ತಿ ಕಿವಿಗೆ ತುರುಕಿ, ಬೋಲ್ಟು ಬಿಗಿದು ಹೊರಟುಹೋಗಿದ್ದ. ದಾರಿಯಲ್ಲಿ ಕಿರ್ ಅಂದಿತಂತೆ. ಕೀಲೆಣ್ಣೆ ಸುರಿದ.

ಮಾರನೆಯ ದಿನ ಕಾಡಿನ ಮೋರಿಯ ಹತ್ತಿರ ಚಪ್ಪಲಿಯ ಚೂರು ಹಿಸುಕಿಕೊಂಡು ಆಚೆ ಬಂತು. ಮುಂದಿನ ಚಕ್ರ ಸರಿಯಿತು. ಜೀಪು ಹಳ್ಳಕ್ಕೆ ಮಗುಚಿತು. ಹಿಂದೆ ಕೂತಿದ್ದ ಆಳುಗಳಿಗೆ ಕೈ ಕಾಲು ಮುರಿಯಿತು. ಹಾಡಿಯ ಜೋಗಯ್ಯ ಜೀಪಿನ ಅಡಿಗೆ ಸಿಕ್ಕಿ ಅಲ್ಲೇ ಸತ್ತ.

ಷಣ್ಮುಖಪ್ಪ ಜೀಪನ್ನು ತನ್ನ ಹಿತ್ತಲಿಗೆ ಎಳೆಸಿಕೊಂಡ. ಆಮೇಲೆ ಪೊಲೀಸರನ್ನು ಕರೆದುಕೊಂಡು ನಮ್ಮ ಶೆಡ್ಡಿಗೆ ಬಂದ. ಬಿಳಿ ಚೂರುಗಳು ಬಾಗಿಲಲ್ಲೇ ಬಿದ್ದಿದ್ದವು. ಅವನ್ನು ಟವೆಲ್ಲಿನಲ್ಲಿ ಆರಿಸಿಕೊಂಡು ರಸ್ತೆಯಲ್ಲಿ ನಿಂತವರಿಗೆಲ್ಲ ತೋರಿಸಿದ. ಇವನ ಮಾಲು ಹೀಗೆ ಪುಡಿಯಾಗುತ್ತದೆ, ಇದರ ಮೇಲೆ ನಮ್ಮ ಆಳುಗಳನ್ನು ಕೂರಿಸಿದ್ದ ಎಂದ. ನಾನೇ ಒಡೆದು ಹಾಕಿದ್ದು ಎಂದು ಇವರು ಹೇಳಿದರು. ಜನ ನಕ್ಕರು. ಮಾಡಿದವನೇ ಒಡೆಯುತ್ತಾನಾ ಎಂದರು. ಇವರ ಸಿಟ್ಟು ಕಂಡವರು ನಂಬಬೇಕಿತ್ತು, ನಂಬಲಿಲ್ಲ. ಒಡೆದದ್ದನ್ನು ನೋಡಿದವನು ಚಾಮಯ್ಯ ಒಬ್ಬನೇ. ಅವನು ಷಣ್ಮುಖಪ್ಪನ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

ಪೊಲೀಸರು ಇವರನ್ನು ಹಿಡಿಯಲಿಲ್ಲ. ರಸ್ತೆ ಕೆಟ್ಟದ್ದು, ಜೀಪು ಮಗುಚಿತು ಎಂದು ಕೇಸು ಮುಗಿಸಿದರು. ಊರು ಮುಗಿಸಲಿಲ್ಲ.

ಆ ವಾರ ಚಾಮಯ್ಯ ಮನೆಗೆ ಬಂದ. ಒಲೆಯ ಮುಂದೆ ಕೂತು ಚಪ್ಪಲಿಯ ವಿಷಯ ಎಲ್ಲ ಹೇಳಿ ಅತ್ತ. ನಮಗೆ ಗೊತ್ತಾದದ್ದೇ ಆಗ. ಬಾಯಿ ಬಿಟ್ಟರೆ ಷಣ್ಮುಖಪ್ಪ ತನ್ನನ್ನು ಜೈಲಿಗೆ ಹಾಕಿಸುತ್ತಾನೆ, ಹೆಣ್ಣುಮಕ್ಕಳು ಬೀದಿಗೆ ಬೀಳುತ್ತಾರೆ ಎಂದ. ಇವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಪೊಲೀಸಿಗೆ ಏಳ್ಬ್ಯಾಡ. ಊರ್ಗೂ ಬ್ಯಾಡ. ಜೋಗಯ್ಯನ ಎಂಡ್ರು ತವ ಓಗಿ ಏಳು. ನಂಗೆ ಅಷ್ಟ್ ಸಾಕು," ಎಂದರು.

ಚಾಮಯ್ಯ ಹೂಂ ಎಂದ. ಹೋಗಲಿಲ್ಲ. ಸಂಕ್ರಾಂತಿ ಕಳೆಯಲಿ ಎಂದ. ಆಮೇಲೆ ನಮ್ಮ ಮನೆಯ ಕಡೆ ಬರುವುದನ್ನೇ ಬಿಟ್ಟ. ರಸ್ತೆಯಲ್ಲಿ ಸಿಕ್ಕರೆ ಜೀಪಿನ ಹಾರ್ನ್ ಒತ್ತಿಕೊಂಡು ನಿಲ್ಲದೆ ಹೋಗುತ್ತಿದ್ದ.

ಕಾದು ಸಾಕಾಗಿ ಇವರೇ ಹಾಡಿಗೆ ಹೋದರು. ಕೋಟೆಯ ತನಕ ಬಸ್ಸು, ಆಮೇಲೆ ಸಿಕ್ಕಿದ ಲಾರಿ, ಆಮೇಲೆ ನಡೆದು. ಜೋಗಯ್ಯನ ಹೆಂಡತಿ ಚಿಕ್ಕಮಾದಿ ಬಾಗಿಲಲ್ಲಿ ಗೆಣಸು ಹೆಚ್ಚುತ್ತಿದ್ದಳಂತೆ. ನನ್ನ ಬುಷ್ಷಿನಿಂದ ಆದದ್ದಲ್ಲ ತಾಯಿ, ಆ ಜೀಪಿನಲ್ಲಿ ನನ್ನ ಬುಷ್ಷೇ ಇರಲಿಲ್ಲ ಎಂದರಂತೆ. ಹಾಗಾದರೆ ಯಾರು ಏನು ಹಾಕಿದ್ದು, ಹೆಸರು ಹೇಳು ಎಂದು ಅವಳು ಕೇಳಿದಳಂತೆ. ಇವರು ಹೇಳಲಿಲ್ಲ. ಹೆಂಡತಿಯ ಅಣ್ಣ. ಹೇಳದೆ ಎದ್ದು ಬಂದರು. ಹೇಳಬೇಡಿ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ನನಗೋಸ್ಕರ ಎಂದು ಅವರೂ ಅನ್ನಲಿಲ್ಲ. ಆದರೂ ಅದು ನನ್ನ ತವರನ್ನು ಕಾದದ್ದೇ.

ಗಾಡಿಗಳು ಬರುವುದು ನಿಂತಿತು. ಹಿಂದೆ ಹಾಕಿಸಿಕೊಂಡಿದ್ದ ಬಿಳಿ ಬುಷ್ಷುಗಳನ್ನೂ ಡ್ರೈವರುಗಳು ಕಿತ್ತು ತಂದು ಶೆಡ್ಡಿನ ಮುಂದೆ ಎಸೆದು ಹೋದರು. ಇವರು ಒಂದೊಂದನ್ನೂ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ ಒಂದು ಡಬ್ಬಿಗೆ ಹಾಕಿಡುತ್ತಿದ್ದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಕೊನೆಗೆ ಶೆಡ್ಡು ಮಾರಿ, ಕಟ್ಟೆಮಳಲವಾಡಿಗೆ ಬಂದು, ಅವರಪ್ಪನ ಕೆಲಸವನ್ನೇ ಹಿಡಿದರು. ಹೋದ ವರ್ಷ ಗಾಡಿಯ ಚಕ್ರಕ್ಕೆ ಕಾದ ಪಟ್ಟಿ ಹಾಕುವಾಗ ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ.

ಹನ್ನೊಂದನೇ ದಿನ ಗಂಡ ಸತ್ತವಳಿಗೆ ತವರಿನಿಂದ ಸೀರೆ ಬರಬೇಕು. ಅಣ್ಣ ತಮ್ಮಂದಿರು ಅದನ್ನು ಕೂತ ಜನರ ಮುಂದೆ ಹೊದಿಸಬೇಕು. ಹೊದಿಸಿದ ಮೇಲೆ ಎಲೆ ಹಾಕುತ್ತಾರೆ. ಚಾಮಯ್ಯ ಸೀರೆ ತಂದ. ಎಷ್ಟೋ ವರ್ಷದ ಮೇಲೆ ನಮ್ಮ ಬಾಗಿಲು ತುಳಿದದ್ದು. ಬಿಚ್ಚಿ ಹೊದಿಸಲು ಬಗ್ಗಿದಾಗ ಅವನ ಕೈ ಹಿಡಿದೆ.

"ಮೊದ್ಲು ನಿಜ ಏಳು. ಆಮೇಕೆ ಸೀರೆ ಒದಿಸು."

"ಏನವ್ವ ಏಳ್ಲಿ?"

"ಜೀಪ್ಗೆ ಏನ್ ತುರುಕ್ದೆ ಅಂತ ಏಳು."

ಅವನು ನನ್ನ ಕಿವಿಯಲ್ಲಿ ಹೇಳಿದ. ನನಗೆ ಗೊತ್ತು, ಕೂತ ಜನರಿಗೆ ಹೇಳು ಎಂದೆ. ಹೇಳಿದ. ಚಪ್ಪಲಿ, ಕೀಲೆಣ್ಣೆ, ಎಲ್ಲ. ಷಣ್ಮುಖಪ್ಪ ಅಷ್ಟು ಹೊತ್ತಿಗೆ ಕಂಟ್ರಾಕ್ಟು ಬಿಟ್ಟು ಊರನ್ನೇ ಬಿಟ್ಟಿದ್ದ. ಹೆದರುವುದಕ್ಕೆ ಯಾರೂ ಇರಲಿಲ್ಲ. ಅದಕ್ಕೆ ಹೇಳಿದ.

ಆಮೇಲೆ ನಮ್ಮ ದೊಡ್ಡತ್ತೆ ಪುಟ್ಟಸಿದ್ದಮ್ಮ ಬಾಯಿ ತೆಗೆದರು.

"ಆಯ್ತು ಬುಡವ್ವ, ಓದೋರು ಓದ್ರು. ಸೀರೆ ಒದ್ಕೊ. ಅನ್ನ ಆರೋಯ್ತದೆ."

ಎಲೆ ಹಾಕಿದರು. ಉಂಡರು. ಕೈ ತೊಳೆಯುವಾಗ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ, ಏನೇ ಅನ್ನು, ಮಂಚಯ್ಯ ಅವತ್ತು ಆ ಬುಷ್ ಒಡೆಯದೆ ಇದ್ದಿದ್ದರೆ ಜೋಗಯ್ಯ ಇವತ್ತು ಇರುತ್ತಿದ್ದ ಎಂದು. ನಾನು ಅಲ್ಲೇ ಹಂಡೆಯ ಹತ್ತಿರ ನಿಂತಿದ್ದೆ. ಅವನು ನನ್ನನ್ನು ನೋಡಿಯೂ ಮಾತು ನಿಲ್ಲಿಸಲಿಲ್ಲ.

ಸೀರೆಯನ್ನು ನಾನು ಹೊದೆಯಲಿಲ್ಲ. ಮಡಿಸಿ ಚಾಮಯ್ಯನ ಕೈಗೆ ಕೊಟ್ಟೆ. ತವರಿಗೆ ಅವಮಾನ ಮಾಡಿದೆ ಎಂದು ಈಗ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ತಿಂಗಳು ಕಳೆದ ಮೇಲೆ ನಾನೇ ಹಾಡಿಗೆ ಹೋದೆ. ಆ ಹೆಸರನ್ನು ನಾನಾದರೂ ಹೇಳಬೇಕಿತ್ತು. ಚಿಕ್ಕಮಾದಿ ಮುದುಕಿಯ ಹಾಗೆ ಕಾಣುತ್ತಿದ್ದಳು. ಯಾರ ಹೆಂಡತಿ ಎಂದು ಹೇಳಿಕೊಂಡೆ. ನನ್ನ ಅಣ್ಣ ಚಾಮಯ್ಯ ತನ್ನ ಚಪ್ಪಲಿ ಕೊಯ್ದು ಹಾಕಿದ್ದ, ನನ್ನ ಗಂಡನ ತಪ್ಪು ಇಲ್ಲ ಎಂದೆ.

"ಗೊತ್ತಿತ್ತು ಕಣವ್ವ," ಎಂದಳು. "ಅವತ್ತು ನಿಮ್ಮಣ್ಣ ಬರಿಗಾಲಲ್ಲಿ ಬಂದಿದ್ದ. ಜೀಪ್ ಎತ್ತಿ ಜೋಗಯ್ಯನ್ನ ಆಚೆ ತಗ್ದೋರು ನಮ್ಮೋರೇ. ಚಪ್ಲಿ ಚೂರ್ನ ನಾವೇ ಕಂಡೊ. ನಮ್ಮನ್ನ ಯಾರೂ ಕೇಳ್ಲಿಲ್ಲ."

ನನ್ನ ಗಂಡ ಬಂದಿದ್ದಾಗ ಮತ್ತೆ ಯಾಕೆ ಹೆಸರು ಕೇಳಿದೆ ಎಂದೆ.

"ಏಳ್ತಾನ ಅಂತ ನೋಡ್ದೆ. ಏಳ್ಲಿಲ್ಲ. ನಿಮ್ಮೋರ್ನ ನೀವು ಕಾಯ್ಕಂಡ್ರಿ."

ಅವಳು ಒಳಗೆ ಹೋದಳು. ಬಿಸಿಲು ಇಳಿಯುವ ತನಕ ಅವಳ ಬಾಗಿಲ ಮುಂದೆ ಕೂತಿದ್ದೆ. ಅವಳು ನೀರು ಕೊಡಲಿಲ್ಲ. ನಾನು ಕೇಳಲಿಲ್ಲ.